ತಟ್ಟೆಯ ಗೀರು, ಕಿವಿಯ ಶಂಖ

ಆಟಿ ತಿಂಗಳೆಂದರೆ ಮಂಗಳೂರಿಗರು ಮನೆಯೊಳಗೇ ಕುಳಿತು ಕಳೆಯುವ ಕಾಲ. ವರ್ಷವೊಂದಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಈ ಊರಿನಲ್ಲಿ ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗಾಗಿ ಸುರಿದುಬಿಡುತ್ತದೆ. ಅಂತಹ ಒಂದು ಮಧ್ಯಾಹ್ನ, ಕದ್ರಿಯಲ್ಲಿರುವ ನಮ್ಮ ಹೆಂಚಿನ ಮನೆಯ ಹಳೆಯ ಕಪಾಟೊಂದನ್ನು ಹತ್ತು ವರ್ಷಗಳ ತರುವಾಯ ತೆರೆದೆನು. ಒಳಗಿನಿಂದ ಬೂಷ್ಟಿನ ವಾಸನೆ ಮುಖಕ್ಕೆ ಬಡಿಯಿತು.

ಕಪಾಟಿನಲ್ಲಿದ್ದುವು ಗ್ರಾಮಫೋನು ತಟ್ಟೆಗಳು. ಮೇಲಿನ ಹಲಗೆಯಲ್ಲಿ ತಂದೆಯವರ ಕಾಲದ ಅರಗಿನ ತಟ್ಟೆಗಳು. ಕೆಳಗಿನದರಲ್ಲಿ ನನ್ನ ಅಣ್ಣ ತಂದ ವಿನೈಲ್ ತಟ್ಟೆಗಳು. ಅಣ್ಣನು ಸರಕು ಹಡಗುಗಳ ಇಂಜಿನು ಕೋಣೆಯಲ್ಲಿ ಮೂವತ್ತು ವರ್ಷ ದುಡಿದವನು. 1980ರ ದಶಕದಲ್ಲಿ ಹ್ಯಾಂಬರ್ಗ್, ರೋಟರ್‌ಡ್ಯಾಮ್ ಮುಂತಾದ ಬಂದರುಗಳಲ್ಲಿ ಇಳಿದಾಗಲೆಲ್ಲ ಒಂದೆರಡು ರೆಕಾರ್ಡುಗಳನ್ನು ಕೊಂಡು, ರಜೆಗೆ ಬರುವಾಗ ಬಟ್ಟೆಗಳ ನಡುವೆ ಜೋಪಾನವಾಗಿಟ್ಟು ತರುತ್ತಿದ್ದನು. ಎಲ್ಲವೂ ಒಂದೇ ಬಗೆಯ ಸಂಗೀತ: ಹೆವಿ ಮೆಟಲ್. ಜೂಡಾಸ್ ಪ್ರೀಸ್ಟ್ ತಂಡದ ‘ಬ್ರಿಟಿಷ್ ಸ್ಟೀಲ್’ (1980), ಐರನ್ ಮೇಡನ್ ತಂಡದ ‘ದಿ ನಂಬರ್ ಆಫ್ ದಿ ಬೀಸ್ಟ್’ (1982), ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ (1986), ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ (1986) ಇವು ಅವುಗಳಲ್ಲಿ ಮುಖ್ಯವಾದುವು. ಆಗ ನಾನು ಕಾಲೇಜು ವಿದ್ಯಾರ್ಥಿ. ಈಗ ಅರುವತ್ತು ದಾಟಿದವನು; ನಡುವಿನ ಕಾಲವನ್ನೆಲ್ಲ ಭೌತಶಾಸ್ತ್ರದ ಪಾಠ ಹೇಳುತ್ತ ಕಳೆದವನು.

ಮೊದಲು ‘ಬ್ರಿಟಿಷ್ ಸ್ಟೀಲ್’ ಹಾಕಿದೆನು. ಅದರ ಒಂದು ಹಾಡಿನಲ್ಲಿ ಯಂತ್ರಮಾನವರ ನಡಿಗೆಯ ಸದ್ದನ್ನು ಹುಟ್ಟಿಸುವುದಕ್ಕಾಗಿ ವಾದ್ಯಗಾರರು ಚಮಚ, ಚಾಕು, ಮುಳ್ಳುಚಮಚಗಳನ್ನಿಟ್ಟ ತಳಿಗೆಯನ್ನು ಕುಲುಕಿದರೆಂಬುದು ಪ್ರಸಿದ್ಧವಾದ ಸಂಗತಿ. ಆ ಝಣತ್ಕಾರವನ್ನು ಕೇಳಿದಾಗ ಒಂದು ಕಾಲದಲ್ಲಿ ನನಗೆ ಮೈ ನವಿರೇಳುತ್ತಿತ್ತು. ಈಗ ಬಟ್ಟೆಯಲ್ಲಿ ಸುತ್ತಿಟ್ಟ ಚಮಚಗಳನ್ನು ಯಾರೋ ಕುಲುಕಿದಂತೆ ಕೇಳಿಸಿತು. ಕಂಚಿನ ತಾಳಗಳೂ ಮಂಕು. ಗಿಟಾರಿನ ಕೆಳಸ್ವರಗಳು ಮಾತ್ರ ಮೊದಲಿನಂತೆಯೇ ಗುಡುಗುತ್ತಿದ್ದುವು. ಮೇಲಿನ ಸ್ವರಗಳು ಎಲ್ಲಿಗೆ ಹೋದುವು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಭಾರಲೋಹದ ನಾದ

ರಸಾಯನಶಾಸ್ತ್ರದ ತರಗತಿಯಲ್ಲಿ ಭಾರಲೋಹವೆಂದರೆ ಸೀಸ, ಪಾದರಸ. ಸಂಗೀತದಲ್ಲಿ ಆ ಹೆಸರಿನ ಪದ್ಧತಿಯು ರೂಪುಗೊಂಡುದು ಬಹುಮಟ್ಟಿಗೆ ಇಂಗ್ಲೆಂಡಿನ ಕಾರ್ಖಾನೆಗಳ ಪಟ್ಟಣವಾದ ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿಯ ಟೋನಿ ಅಯೋಮಿ ಎಂಬ ತರುಣನು 1965ರಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡನು. ಆತನು ತಂತಿ ಒತ್ತುತ್ತಿದ್ದುದು ಬಲಗೈಯಿಂದಲೇ. ಬೆರಳಿಗೆ ಪ್ಲಾಸ್ಟಿಕ್ಕಿನ ಟೊಪ್ಪಿಗೆಗಳನ್ನು ತಾನೇ ಮಾಡಿ ತೊಡಿಸಿ, ಸಪೂರವಾದ ತಂತಿಗಳನ್ನು ಹಾಕಿ, ಮುಂದೆ ತಂತಿಗಳ ಬಿಗಿತವನ್ನೂ ಇಳಿಸಿದನು. ತಂತಿಯ ಕಂಪನಸಂಖ್ಯೆಯು ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಸೋನೋಮೀಟರಿನ ಪ್ರಯೋಗ ಮಾಡಿದವರಿಗೆಲ್ಲ ಗೊತ್ತು. ಬಿಗಿತ ಇಳಿಯಿತು; ಶ್ರುತಿಯೂ ಇಳಿಯಿತು. ಆತನ ‘ಬ್ಲ್ಯಾಕ್ ಸಬ್ಬತ್’ ತಂಡದಿಂದ ಹೊರಟ ಆ ತಗ್ಗಿನ, ಭಾರವಾದ ನಾದವನ್ನೇ ಎಂಬತ್ತರ ದಶಕದ ತಂಡಗಳು ಬೆಳೆಸಿದುವು.

ಇದಕ್ಕೆ ಇನ್ನೊಂದು ರಹಸ್ಯವುಂಟು. ಗಿಟಾರಿನ ವಿದ್ಯುತ್ ಸಂಕೇತವನ್ನು ವರ್ಧಕವು ತಾಳಲಾರದಷ್ಟು ಹೆಚ್ಚಿಸಿದರೆ ಅಲೆಯ ನೆತ್ತಿಯು ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದ ಮೂರರಷ್ಟು, ಐದರಷ್ಟು, ಏಳರಷ್ಟು ಕಂಪನಸಂಖ್ಯೆಯ ಉಪಸ್ವರಗಳು ಹೇರಳವಾಗಿ ಹುಟ್ಟುತ್ತವೆ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವುಗಳ ವ್ಯತ್ಯಾಸಕ್ಕೆ ಸಮನಾದ ಮೂರನೆಯ ಸ್ವರವೊಂದೂ ಹುಟ್ಟುತ್ತದೆ. ಹೆವಿ ಮೆಟಲ್ ವಾದಕರು ಬಹಳವಾಗಿ ನುಡಿಸುವ ಜೋಡಿ ಯಾವುದೆಂದರೆ ನಮ್ಮ ತಂಬೂರಿಯ ಷಡ್ಜ–ಪಂಚಮಗಳೇ. ಷಡ್ಜವು 110 ಹರ್ಟ್ಸ್ ಆದರೆ ಪಂಚಮವು 165, ವ್ಯತ್ಯಾಸ 55. ಇದು ಷಡ್ಜದ ಅರ್ಧ, ಅಂದರೆ ಮಂದ್ರದ ಷಡ್ಜ! ಯಾರೂ ಮೀಟದ ಈ ಸ್ವರವೇ ಎದೆಯನ್ನು ನಡುಗಿಸುವ ಗಾಂಭೀರ್ಯವನ್ನು ಕೊಡುತ್ತದೆ. ಹೀಗೆ ಈ ಸಂಗೀತದ ಕಸುವೆಲ್ಲ ಎರಡು ತುದಿಗಳಲ್ಲಿದೆ: ಕೆಳಗೆ ಗುಡುಗು, ಮೇಲೆ ಉಪಸ್ವರಗಳ ಮತ್ತು ತಾಳಗಳ ಮೊನಚು. ನನ್ನ ತಟ್ಟೆಗಳಲ್ಲಿ ಕಾಣೆಯಾದುದು ಆ ಮೊನಚು.

ಮೊದಲನೆಯ ಸಂಶಯ: ಬೂಷ್ಟು

ಮಳೆಗಾಲದ ಮಂಗಳೂರಿನಲ್ಲಿ ಚಪ್ಪಲಿಯಿಂದ ಹಿಡಿದು ಪುಸ್ತಕದವರೆಗೆ ಬೂಷ್ಟು ಹಿಡಿಯದ ವಸ್ತುವಿಲ್ಲ. ಆದುದರಿಂದ ನನ್ನ ಸಂಶಯ ಮೊದಲು ಅದರ ಮೇಲೆಯೇ ಹೋಯಿತು.

ತಂದೆಯವರ ತಟ್ಟೆಗಳು ಅರಗಿನವು. ಮುತ್ತುಗ, ಎಲಚಿ ಮುಂತಾದ ಮರಗಳ ಮೇಲೆ ಬಾಳುವ ಸಣ್ಣ ಕೀಟಗಳು ಸ್ರವಿಸುವ ಅಂಟನ್ನು ಶೋಧಿಸಿ, ಕಲ್ಲಿನ ಪುಡಿ ಬೆರಸಿ ಅವುಗಳನ್ನು ಒತ್ತುತ್ತಿದ್ದರು. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನಿಗಾಗಿ ಹಾಡಿ ಹೆಸರಾಗಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್ ಅವರ ಕಂಠವು ಉಳಿದುಬಂದಿರುವುದು ಇಂತಹ ತಟ್ಟೆಗಳಲ್ಲೇ. ಅರಗು ಜೀವಜನ್ಯವಾದುದರಿಂದ ಬೂಷ್ಟಿಗೆ ಅದು ಆಹಾರ. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು ನಿಮಿಷಕ್ಕೆ 33⅓ ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು ಹೊರತಂದಾಗ ಅರಗಿನ ಸ್ಥಾನಕ್ಕೆ ವಿನೈಲ್ ಎಂಬ ಪ್ಲಾಸ್ಟಿಕ್ ಬಂತು. ಇದನ್ನು ಬೂಷ್ಟು ಸುಲಭವಾಗಿ ತಿನ್ನಲಾರದು. ಆದರೆ ರಟ್ಟಿನ ಹೊದಿಕೆ, ಅದರ ಅಂಟು, ತಟ್ಟೆಯ ಮೇಲೆ ಬೆರಳು ಬಿಟ್ಟುಹೋದ ಜಿಡ್ಡು ಇವನ್ನು ತಿಂದು ಬೆಳೆದು ಗೀರಿನೊಳಗೆ ಬೇರು ಬಿಡುತ್ತದೆ.

ಬಟ್ಟಿಯಿಳಿಸಿದ ನೀರಿಗೆ ಎರಡು ತೊಟ್ಟು ಮೃದುವಾದ ಸಾಬೂನಿನ ದ್ರವ ಹಾಕಿ, ನುಣುಪಾದ ಬಟ್ಟೆಯಿಂದ ಗೀರು ಹೋದ ದಿಕ್ಕಿನಲ್ಲೇ ಒರಸಿ, ಶುದ್ಧ ನೀರಿನಲ್ಲಿ ತೊಳೆದು, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಿದೆನು. (ಅರಗಿನ ತಟ್ಟೆಗೆ ಮದ್ಯಸಾರ ಸೋಕಿಸಬಾರದು, ಅರಗು ಕರಗಿಹೋಗುತ್ತದೆ.) ಮತ್ತೆ ಹಾಕಿದಾಗ ಚಟಪಟ ಸದ್ದು ಅಡಗಿತ್ತು. ಚಮಚಗಳ ಮಂಕು ಮಾತ್ರ ಹಾಗೆಯೇ ಇತ್ತು.

ಎರಡನೆಯ ಸಂಶಯ: ಮುಳ್ಳು

ಗೀರಿನಲ್ಲಿ ಓಡುವುದು ವಜ್ರದ ಮುಳ್ಳು. ಅದರ ಮೇಲಿನ ಭಾರ ಸುಮಾರು 2 ಗ್ರಾಂ ಮಾತ್ರ. ಇದೇನು ಮಹಾ ಭಾರವೆಂದು ನೀವು ಕೇಳಬಹುದು. ಮುಳ್ಳು ಗೀರಿನ ಎರಡು ಗೋಡೆಗಳನ್ನು ಮುಟ್ಟುವುದು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಅಗಲದ ಎರಡು ಚುಕ್ಕೆಗಳಲ್ಲಿ ಎಂದು ಇಟ್ಟುಕೊಳ್ಳೋಣ. ಭಾರವನ್ನು ಕ್ಷೇತ್ರಫಲದಿಂದ ಭಾಗಿಸಿದರೆ ಒತ್ತಡವು ಚದರ ಸೆಂಟಿಮೀಟರಿಗೆ ಒಂದು ಟನ್ನಿಗೂ ಮಿಕ್ಕುತ್ತದೆ! ವಜ್ರವೂ ಇದರಿಂದ ಸವೆಯುತ್ತದೆ. ಸವೆದ ವಜ್ರವು ಉಳಿಯಂತಾಗಿ ಗೀರನ್ನೇ ಕೆತ್ತುತ್ತದೆ. ಸಾವಿರ ಗಂಟೆಗಳ ವಾದನದೊಳಗೆ ಮುಳ್ಳನ್ನು ಬದಲಿಸಬೇಕೆಂಬ ರೂಢಿ ಬಂದುದು ಇದರಿಂದಲೇ.

ಹೊಸ ಮುಳ್ಳನ್ನು ತರಿಸಿ ಜೋಡಿಸಿದೆನು. ಎಂದೋ ಉಡುಗೊರೆಯಾಗಿ ಬಂದು ಒಮ್ಮೆಯೂ ಹಾಕದೆ ಉಳಿದಿದ್ದ ಒಂದು ತಟ್ಟೆಯನ್ನೂ ಹಾಕಿ ನೋಡಿದೆನು. ಅದೂ ಮಂಕು. ಹಾಗಾದರೆ ಸವೆತವೂ ಕಾರಣವಲ್ಲ.

ಮೂರನೆಯ ಸಂಶಯ: ಗೀರಿನ ಇಕ್ಕಟ್ಟು

ತಟ್ಟೆಗಳನ್ನು ಕತ್ತರಿಸುವಾಗಲೇ ಈ ದೋಷ ಸೇರಿಕೊಂಡಿರಬಹುದೇ ಎಂದು ಯೋಚಿಸಿದೆನು. ಒಂದು ಬದಿಯಲ್ಲಿರುವ ಗೀರು ಒಂದೇ. ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುತ್ತದೆ. ಅದನ್ನು ಬಿಚ್ಚಿ ನೇರವಾಗಿ ಹಾಸಿದರೆ ಸುಮಾರು ಅರ್ಧ ಕಿಲೋಮೀಟರು ಉದ್ದವಾದೀತು. ಅಗಲವೋ ತಲೆಗೂದಲಿಗಿಂತ ಹೆಚ್ಚಲ್ಲ. ಸದ್ದು ಜೋರಾದಷ್ಟೂ, ಸ್ವರ ತಗ್ಗಿದಷ್ಟೂ ಗೀರು ಅಕ್ಕಪಕ್ಕಕ್ಕೆ ಹೆಚ್ಚು ಹೊಯ್ದಾಡಬೇಕು. ಹೊಯ್ದಾಡಲು ಸ್ಥಳ ಬೇಕು.

ಸಾಮಾನ್ಯ ಗಣಿತದಿಂದಲೇ ಇದನ್ನು ಪರೀಕ್ಷಿಸಬಹುದು. ತಟ್ಟೆಯಲ್ಲಿ ಗೀರಿಗೆ ದೊರೆಯುವ ಅಗಲ ಹೆಚ್ಚೆಂದರೆ 8.5 ಸೆಂಟಿಮೀಟರು. ‘ರೇನ್ ಇನ್ ಬ್ಲಡ್’ ಇಡಿಯ ತಟ್ಟೆ ಸುಮಾರು 29 ನಿಮಿಷ, ಬದಿಗೆ ಹದಿನಾಲ್ಕೂವರೆ. ಅಂದರೆ 483 ಸುತ್ತು. ಸುತ್ತಿಗೆ ಸುಮಾರು 0.18 ಮಿಲಿಮೀಟರು ಸ್ಥಳ. ‘ಮಾಸ್ಟರ್ ಆಫ್ ಪಪೆಟ್ಸ್’ ಸುಮಾರು 55 ನಿಮಿಷ. ಬದಿಗೆ 27 ನಿಮಿಷವೆಂದರೂ 900 ಸುತ್ತು, ಸುತ್ತಿಗೆ 0.09 ಮಿಲಿಮೀಟರು ಮಾತ್ರ. ಒಂದೇ ವರ್ಷದ ಎರಡು ತಟ್ಟೆಗಳಲ್ಲಿ ಒಂದಕ್ಕೆ ಇನ್ನೊಂದರ ಅರ್ಧದಷ್ಟೇ ಜಾಗ! ಇಕ್ಕಟ್ಟಿನ ತಟ್ಟೆಯನ್ನು ಮೆಲ್ಲನೆಯ ಮಟ್ಟದಲ್ಲಿ ಕತ್ತರಿಸದೆ ಗತಿಯಿಲ್ಲ. ಮೆಟಾಲಿಕಾ ತಂಡವು 1988ರಲ್ಲಿ ಇನ್ನೂ ದೀರ್ಘವಾದ, 65 ನಿಮಿಷಗಳ ಕೃತಿಯನ್ನು ತಂದಾಗ ಅದನ್ನು ಎರಡು ತಟ್ಟೆಗಳಿಗೆ ಹಂಚಬೇಕಾಯಿತು.

ಕೆಳಸ್ವರಗಳು ಸ್ಥಳವನ್ನೆಲ್ಲ ನುಂಗದಿರಲೆಂದು 1954ರಿಂದ ಒಂದು ನಿಯಮವು ಬಳಕೆಯಲ್ಲಿದೆ. ಕತ್ತರಿಸುವಾಗ ಕೆಳಸ್ವರಗಳನ್ನು ಕುಗ್ಗಿಸಿ ಮೇಲುಸ್ವರಗಳನ್ನು ಹಿಗ್ಗಿಸುತ್ತಾರೆ. ನುಡಿಸುವಾಗ ವರ್ಧಕವು ಅದಕ್ಕೆ ವಿರುದ್ಧವಾದುದನ್ನು ಮಾಡಿ ಸಮಮಾಡುತ್ತದೆ. ಇದಲ್ಲದೆ, ಮುಳ್ಳಿನ ಕೆಳಗೆ ಗೀರು ಓಡುವ ವೇಗವು ಹೊರ ಅಂಚಿನಲ್ಲಿ ಸೆಕೆಂಡಿಗೆ 51 ಸೆಂಟಿಮೀಟರು. ಒಳ ಅಂಚಿನಲ್ಲಿ ಕೇವಲ 21. ಆದುದರಿಂದ 10,000 ಹರ್ಟ್ಸಿನ ಒಂದು ಅಲೆಗೆ ಹೊರಗೆ 0.05 ಮಿಲಿಮೀಟರು ಉದ್ದ ಸಿಕ್ಕಿದರೆ ಒಳಗೆ ಸಿಗುವುದು 0.02. ಪ್ರತಿ ಬದಿಯ ಕೊನೆಯ ಹಾಡು ತುಸು ಮಂಕಾಗುವುದಕ್ಕೆ ಇದು ಕಾರಣ.

ಆದರೆ ನನ್ನ ತಟ್ಟೆಗಳಲ್ಲಿ ಮೊದಲ ಹಾಡೂ ಮಂಕು, ಕೊನೆಯದೂ ಮಂಕು. ವಿಶಾಲವಾದ ಗೀರಿನ ಸ್ಲೇಯರೂ ಮಂಕು, ಇಕ್ಕಟ್ಟಿನ ಮೆಟಾಲಿಕಾವೂ ಮಂಕು. ಲೆಕ್ಕ ಕೂಡಲಿಲ್ಲ.

ಕಾರಣ ದೊರೆತುದು

ನಾನು ಸದ್ದನ್ನು ಮತ್ತಷ್ಟು ಏರಿಸಿ ಕುಳಿತಿದ್ದಾಗ ಅಣ್ಣನ ಮಗಳು ಕಾಲೇಜಿನಿಂದ ಬಂದಳು. ಬಾಗಿಲಲ್ಲೇ ನಿಂತು ಕಿವಿಗಳನ್ನು ಮುಚ್ಚಿಕೊಂಡಳು.

“ಚಿಕ್ಕಪ್ಪಾ, ಇಷ್ಟು ಜೋರು ಯಾಕೆ ಇಟ್ಟಿದ್ದೀರಿ?”

“ಚಮಚದ ಸದ್ದು ಸರಿಯಾಗಿ ಬರುವುದಿಲ್ಲ ಮಾರಾಯ್ತಿ. ತಟ್ಟೆ ಹಾಳಾಗಿದೆ ಅಂತ ಕಾಣ್ತದೆ.”

ಅವಳು ಸದ್ದನ್ನು ಅರ್ಧಕ್ಕೂ ಕೆಳಗೆ ಇಳಿಸಿ ಸ್ವಲ್ಪ ಹೊತ್ತು ಕೇಳಿದಳು. “ಒಳ್ಳೆ ಕೇಳ್ತದಲ್ಲ! ಕಿವಿಯ ಹತ್ತಿರವೇ ಕುಲುಕಿದ ಹಾಗೆ ಉಂಟು. ನಿಮಗೆ ಕೇಳುವುದಿಲ್ಲವಾ?”

ಕೇಳುತ್ತಿರಲಿಲ್ಲ. ಬೂಷ್ಟು, ಮುಳ್ಳು, ಗೀರು ಎಲ್ಲವನ್ನೂ ವಿಚಾರಣೆಗೆ ಒಳಪಡಿಸಿದ್ದ ಭೌತಶಾಸ್ತ್ರದ ಮೇಷ್ಟರು ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಪರೀಕ್ಷಿಸಿರಲಿಲ್ಲ. ಮರುವಾರ ವೈದ್ಯರಲ್ಲಿ ಶ್ರವಣ ಪರೀಕ್ಷೆ ಮಾಡಿಸಿದೆನು. ಕಾಗದದ ಮೇಲೆ ಮೂಡಿದ ಗೆರೆಯು 1,000 ಹರ್ಟ್ಸಿನವರೆಗೆ ಸಮವಾಗಿದ್ದು, 4,000 ಹರ್ಟ್ಸಿನ ಬಳಿ ಕಣಿವೆಯಂತೆ ಕುಸಿದಿತ್ತು. ವಯಸ್ಸಿನಿಂದ ಬರುವ ಮಂದತೆಯು ಅತ್ಯಂತ ಮೇಲಿನ ಸ್ವರಗಳಿಂದ ಆರಂಭವಾಗಿ ಕೆಳಗಿಳಿಯುತ್ತದೆ. 4,000ದ ಆಸುಪಾಸಿನಲ್ಲಿ ಬೀಳುವ ಕಣಿವೆಯಾದರೋ ಹೆಚ್ಚಾಗಿ ಅತಿಶಬ್ದದ ಗುರುತು.

ಶಂಖದೊಳಗಿನ ರೋಮಕೋಶಗಳು

ಅಲ್ಲಿಯೇ ಏಕೆ ಕಣಿವೆ? ಪಿ.ಯು.ಸಿ. ತರಗತಿಯಲ್ಲಿ ಮಾಡುವ ಅನುರಣನ ನಾಳದ ಪ್ರಯೋಗವನ್ನು ನೆನಪಿಸಿಕೊಳ್ಳಿ. ಒಂದು ತುದಿ ಮುಚ್ಚಿದ ನಾಳವು ತನ್ನ ಉದ್ದದ ನಾಲ್ಕರಷ್ಟು ತರಂಗಾಂತರವಿರುವ ಸ್ವರಕ್ಕೆ ಬಲವಾಗಿ ಅನುರಣಿಸುತ್ತದೆ. ನಮ್ಮ ಕಿವಿಯ ಹೊರನಾಳವೂ ತಮಟೆಯಿಂದ ಮುಚ್ಚಿದ, ಸುಮಾರು 2.5 ಸೆಂಟಿಮೀಟರಿನ ನಾಳ. ಶಬ್ದದ ವೇಗ ಸೆಕೆಂಡಿಗೆ 345 ಮೀಟರು ಎಂದುಕೊಂಡರೆ ಅದರ ಸ್ವರವು 3,450 ಹರ್ಟ್ಸ್. ಈ ಆಸುಪಾಸಿನ ಸ್ವರಗಳನ್ನು ಕಿವಿ ತಾನೇ ಹಿಗ್ಗಿಸಿ ಒಳಗೆ ಕಳುಹಿಸುತ್ತದೆ. ಏಟು ಹೆಚ್ಚಾಗಿ ಬೀಳುವುದು ಅದಕ್ಕಿಂತ ಸ್ವಲ್ಪ ಮೇಲಿನ ಸ್ವರಗಳನ್ನು ಹಿಡಿಯುವ ಭಾಗದ ಮೇಲೆ.

ಏಟು ತಿನ್ನುವುದು ಒಳಕಿವಿಯಲ್ಲಿರುವ ಶಂಖದ ಆಕಾರದ ಅಂಗ. ಅದರೊಳಗಿನ ಪೊರೆಯ ಮೇಲೆ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಶಬ್ದ ಬಂದಾಗ ಪೊರೆಯ ಮೇಲೆ ಅಲೆಯೊಂದು ಸಾಗುತ್ತದೆ. ಮೇಲುಸ್ವರದ ಅಲೆ ಶಂಖದ ಬಾಯಿಯ ಬಳಿಯಲ್ಲೇ ಎದ್ದು ಅಡಗಿದರೆ ಕೆಳಸ್ವರದ್ದು ತುದಿಯವರೆಗೆ ಹೋಗುತ್ತದೆ. ಇದನ್ನು ಕಂಡುಹಿಡಿದ ಗೇಯೋರ್ಗ್ ಫಾನ್ ಬೇಕೇಸಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅತಿಶಬ್ದವು ರೋಮಕೋಶಗಳನ್ನು ಬಳಲಿಸುತ್ತದೆ. ಬಳಲಿಕೆ ಮತ್ತೆ ಮತ್ತೆ ಬಂದರೆ ಅವು ಸಾಯುತ್ತವೆ. ಸತ್ತ ರೋಮಕೋಶಗಳು ಕೋಳಿಮರಿಯ ಕಿವಿಯಲ್ಲಿ ಮತ್ತೆ ಹುಟ್ಟುತ್ತವೆಂದು 1988ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುವು. ಮನುಷ್ಯನ ಶಂಖದಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಎಷ್ಟು ಶಬ್ದ ಅತಿಯಾಯಿತು? ಕೆಲಸದ ಸ್ಥಳಗಳಿಗಾಗಿ ತಜ್ಞರು ಒಪ್ಪಿರುವ ಒಂದು ಲೆಕ್ಕವಿದೆ. 85 ಡೆಸಿಬೆಲ್ಲಾದರೆ ದಿನಕ್ಕೆ 8 ಗಂಟೆ. ಅದರ ಮೇಲೆ 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುವುದರಿಂದ ಸಮಯವನ್ನು ಅರ್ಧಕ್ಕೆ ಇಳಿಸಬೇಕು. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 100 ಡೆಸಿಬೆಲ್ಲಿಗೆ ಕೇವಲ 15 ನಿಮಿಷ. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ, ಅಣ್ಣನೂ ನಾನೂ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ ಹೋಗಿದ್ದೆವು. ನಾವು ನಿಂತಲ್ಲಿ 100 ಡೆಸಿಬೆಲ್ ಇತ್ತೆಂದು ಇಟ್ಟುಕೊಂಡರೂ ಎರಡು ಗಂಟೆಯ ಕಚೇರಿಯಲ್ಲಿ ಎಂಟು ದಿನಗಳ ಪಾಲನ್ನು ಕಿವಿಗೆ ಉಣಿಸಿದಂತಾಯಿತು. ಮರುದಿನವೆಲ್ಲ ಕಿವಿಯಲ್ಲಿ ಜೀರುಂಡೆ ಕೂಗಿದಂತಿತ್ತು. ಅದನ್ನು ನಾವು ಸಂತೋಷದ ನೆನಪೆಂದೇ ಎಣಿಸಿದೆವು. ರೋಮಕೋಶಗಳು ಹಾಕಿದ ಮೊರೆಯದು ಎಂದು ತಿಳಿಯಲಿಲ್ಲ.

ಅಣ್ಣನ ಸ್ಥಿತಿ ನನ್ನದಕ್ಕಿಂತ ಕಷ್ಟವಾದುದು. ಹಡಗಿನ ಇಂಜಿನು ಕೋಣೆಯಲ್ಲಿ ಸದ್ದು 100 ಡೆಸಿಬೆಲ್ಲನ್ನು ಮೀರುವುದು ಸಾಮಾನ್ಯ. ಅಲ್ಲಿ ಎಷ್ಟೋ ವರ್ಷ ಹತ್ತಿಯ ಉಂಡೆಯನ್ನೇ ಕಿವಿಗೆ ರಕ್ಷಣೆಯೆಂದು ನಂಬಿ ದುಡಿದನು. ರಜೆಯಲ್ಲಿ ಬಂದಾಗ ರೆಕಾರ್ಡುಗಳನ್ನು ವರ್ಷದಿಂದ ವರ್ಷಕ್ಕೆ ಹೆಚ್ಚು ಜೋರಾಗಿ ಹಾಕುತ್ತಿದ್ದುದನ್ನು ನಾವು ಸಂಗೀತದ ಹುಚ್ಚೆಂದು ನಕ್ಕು ಬಿಟ್ಟಿದ್ದೆವು. ಅದು ಕಿವಿಯು ಕುಗ್ಗುತ್ತಿದ್ದುದರ ಅಳತೆಯಾಗಿತ್ತು. ಈಗ ಶ್ರವಣಯಂತ್ರ ತೊಟ್ಟರೂ ಅವನಿಗೆ ಮಾತು ಅರೆಬರೆ. ಯಂತ್ರವು ಸದ್ದನ್ನು ಹಿಗ್ಗಿಸಬಲ್ಲದು. ಸತ್ತ ಕೋಶವನ್ನು ಬದುಕಿಸಲಾರದು.

ವಿದ್ಯಾರ್ಥಿಗಳಿಗೆ ಎರಡು ಮಾತು

ಜೋರಾದ ಸಂಗೀತವನ್ನು ಕೇಳಲೇಬಾರದೆಂದು ನಾನು ಹೇಳುವುದಿಲ್ಲ. ಹೇಳುವ ಅಧಿಕಾರವೂ ನನಗಿಲ್ಲ. ಆದರೆ ಯಕ್ಷಗಾನದ ಚಂಡೆಯ ಪಕ್ಕದಲ್ಲಿ ರಾತ್ರಿಯಿಡೀ ಕುಳಿತುಕೊಳ್ಳುವವರೂ, ಜಾತ್ರೆಯ ಧ್ವನಿವರ್ಧಕದ ಮುಂದೆ ಕುಣಿಯುವವರೂ, ಕಿವಿಯೊಳಗೇ ಪುಟ್ಟ ಧ್ವನಿವರ್ಧಕವನ್ನು ತುರುಕಿಕೊಂಡು ಬಸ್ಸಿನಲ್ಲಿ ಕೂರುವವರೂ ಈ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಒಂದು ಮಾರು ದೂರದಲ್ಲಿರುವವನಿಗೆ ಕೇಳಿಸಲು ನೀವು ಕೂಗಿ ಮಾತಾಡಬೇಕಾದರೆ ಅಲ್ಲಿಯ ಶಬ್ದ 85 ಡೆಸಿಬೆಲ್ಲನ್ನು ಮೀರಿದೆಯೆಂದು ತಿಳಿಯಿರಿ. ಸ್ವಲ್ಪ ದೂರ ಸರಿಯಿರಿ. ನಡುನಡುವೆ ಕಿವಿಗೆ ವಿರಾಮ ಕೊಡಿ. ಕಚೇರಿಗೆ ಹೋಗುವಾಗ ಕಿವಿಬೆಣೆ ತೊಡಿರಿ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಇಂತಹ ಸಂಗೀತ ಸ್ಥಳಗಳ ಸರಾಸರಿ ಶಬ್ದವು 100 ಡೆಸಿಬೆಲ್ಲನ್ನು ಮೀರಕೂಡದೆಂದು ಸೂಚಿಸಿದೆ. ಕಚೇರಿ ಮುಗಿದ ಮೇಲೆ ಕಿವಿ ಗುಂಯ್‌ಗುಟ್ಟಿದರೆ ಅದನ್ನು ಹೆಮ್ಮೆಯ ಗುರುತೆಂದು ಭಾವಿಸಬೇಡಿ.

ರೆಕಾರ್ಡುಗಳನ್ನು ಈಗ ಅಣ್ಣನ ಮಗಳಿಗೆ ಒಪ್ಪಿಸಿದ್ದೇವೆ. ಬೂಷ್ಟು ಹಿಡಿಯದಂತೆ ಅವುಗಳನ್ನು ಕಾಯುವ ಕೆಲಸ ಅವಳದು. ಭಾನುವಾರ ಮಧ್ಯಾಹ್ನ ಮೂವರೂ ಕುಳಿತು ಕೇಳುತ್ತೇವೆ. ಅಣ್ಣನು ಧ್ವನಿಪೆಟ್ಟಿಗೆಯ ಮೇಲೆ ಅಂಗೈಯಿಟ್ಟು 41 ಹರ್ಟ್ಸಿನ ಮಂದ್ರವನ್ನು ಕೈಯಿಂದಲೇ ಕೇಳುತ್ತಾನೆ. ವರ್ಧಕದ ಗುಂಡಿಯ ಪಕ್ಕದಲ್ಲಿ ಅವಳು ಬಿಳಿಯ ಬಣ್ಣದಿಂದ ಒಂದು ಗೆರೆ ಎಳೆದಿದ್ದಾಳೆ. ಅದನ್ನು ದಾಟಿಸಲು ನಮ್ಮಿಬ್ಬರಿಗೂ ಅಪ್ಪಣೆಯಿಲ್ಲ. ಆ ಮಟ್ಟದಲ್ಲಿ ನನಗೆ ಚಮಚಗಳ ಝಣತ್ಕಾರ ಕೇಳಿಸುವುದಿಲ್ಲ. ಅದು ಬಂದಾಗ ಅವಳು ಬೆರಳೆತ್ತಿ ತೋರಿಸುತ್ತಾಳೆ.